ಪ್ರತಿಕ್ರಿಯೆ: ಒರ್ಲ್ಯಾಂಡೊ ವಾರವನ್ನು ಯಾವ ಸಂಸ್ಥೆಯ ಮೂಲಕ ಬದಲಾಯಿಸಿಕೊಳ್ಳಬೇಕು?

ಫ್ಲಾರಿಡಾದ ಒರ್ಲ್ಯಾಂಡೊದಲ್ಲಿರುವ ತಮ್ಮ ಎರಡು ಕೋಣೆಗಳ ಸೆಪ್ಟೆಂಬರ್ ಟೈಮ್‌ಶೇರ್ ವಾರವನ್ನು (ರೆಸಾರ್ಟಿನ ಮನೆಯನ್ನು ವರ್ಷಕ್ಕೊಂದು ವಾರ ಬಳಸಲು ಕೊಂಡ ಹಕ್ಕನ್ನು) ಕೊಟ್ಟು ಹವಾಯಿಯಲ್ಲಿ ಒಂದು ವಾರ ಪಡೆಯಲು ಇಂಥ ವಾರಗಳನ್ನು ಬದಲಾಯಿಸಿಕೊಡುವ ಸಂಸ್ಥೆಗಳಾದ ಆರ್‌ಸಿಐ, ಇಂಟರ್‌ವಲ್ ಇಂಟರ್‌ನ್ಯಾಷನಲ್‌ಗಳಲ್ಲಿ ಯಾವುದು ಮೇಲು ಎಂದು ತಾವು ಕೇಳಿದ್ದೀರಿ. ತಮ್ಮ ರೆಸಾರ್ಟ್ ಎರಡರೊಂದಿಗೂ ಒಪ್ಪಂದ ಹೊಂದಿರುವುದರಿಂದ ಆಯ್ಕೆ ನಿಜಕ್ಕೂ ತಮ್ಮದೇ. ಬಹಳ ಮಂದಿಗೆ ಈ ಭಾಗ್ಯವಿಲ್ಲ.

ಮ್ಯಾರಿಯಟ್, ವೆಸ್ಟಿನ್ ರೆಸಾರ್ಟುಗಳು ಇಂಟರ್‌ವಲ್‌ನಲ್ಲಿವೆ, ಹಿಲ್ಟನ್‌ನವು ಹೆಚ್ಚಾಗಿ ಆರ್‌ಸಿಐನಲ್ಲಿವೆ. ಆದ್ದರಿಂದ ಮೊದಲು ಹವಾಯಿಯ ಯಾವ ರೆಸಾರ್ಟ್ ಬೇಕೆಂಬುದನ್ನು ನಿರ್ಧರಿಸಿಕೊಳ್ಳಿ. ಆರ್‌ಸಿಐನ ವಾರಗಳ ಪದ್ಧತಿಯಲ್ಲಿ ತಮ್ಮ ವಾರವನ್ನು ಠೇವಣಿ ಇಟ್ಟಾಗ, ಅಂದರೆ ಸಂಸ್ಥೆಗೆ ಒಪ್ಪಿಸಿದಾಗ, ಅದಕ್ಕೆಷ್ಟು ವಿನಿಮಯ ಬಲವೆಂಬುದು ಅಂಕಿಯಲ್ಲೇ ಕಾಣುತ್ತದೆ, ಬೇಕಾದ ವಾರದ ಬೆಲೆಯೂ ಅದೇ ಅಂಕಿಯಲ್ಲಿರುತ್ತದೆ. ಇಂಟರ್‌ವಲ್‌ನಲ್ಲಿ ಅಂಥ ಲೆಕ್ಕ ಎದುರಿಗಿರುವುದಿಲ್ಲವಾದರೂ, ಮೊದಲು ಕೋರಿಕೆ ಸಲ್ಲಿಸಿ, ಬದಲಿ ವಾರ ಖಚಿತವಾಗುವವರೆಗೆ ತಮ್ಮ ವಾರವನ್ನು ಕೈಯಲ್ಲೇ ಇಟ್ಟುಕೊಳ್ಳುವ ಅವಕಾಶವಿದೆ. ಒರ್ಲ್ಯಾಂಡೊದಲ್ಲಿ ಟೈಮ್‌ಶೇರ್ ಮನೆಗಳು ಬೇಕಾದಷ್ಟಿರುವುದರಿಂದ ಸೆಪ್ಟೆಂಬರ್ ವಾರಕ್ಕೆ ಹೆಚ್ಚು ಬೆಲೆ ಹುಟ್ಟುವುದಿಲ್ಲ. ಹೀಗಿರುವಾಗ ಇಂಟರ್‌ವಲ್‌ನ ಈ ಅವಕಾಶವನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ನಾನೊಮ್ಮೆ ಆತುರಪಟ್ಟು ಠೇವಣಿ ಇಟ್ಟು, ಎರಡು ಕೋಣೆಗಳ ಮನೆಗೆ ಬದಲಾಗಿ ಅಡುಗೆಯೊಲೆಯೂ ಇಲ್ಲದ ಸ್ಟುಡಿಯೋದಲ್ಲಿ ನಾಲ್ವರು ಮಲಗಿದ್ದುಂಟು.

ವಾರ್ಷಿಕ ನಿರ್ವಹಣಾ ಶುಲ್ಕದ ಮೇಲೆ ಸದಸ್ಯತ್ವ ಶುಲ್ಕ, ಪ್ರತಿ ವಿನಿಮಯಕ್ಕೊಂದು ಶುಲ್ಕ, ಬೇರೆಯವರನ್ನು ಕಳುಹಿಸಿದರೆ ಅತಿಥಿ ಪತ್ರದ ಶುಲ್ಕ ಬೇರೆ. ಇವೆಲ್ಲವನ್ನೂ ಕೂಡಿಸಿ, ಅದೇ ಹವಾಯಿ ವಾರವನ್ನು ಮಾಲೀಕರಿಂದ ನೇರವಾಗಿ ಬಾಡಿಗೆಗೆ ಪಡೆದರೆ ಎಷ್ಟಾಗುತ್ತದೆಂದು ಹೋಲಿಸಿದ ಮೇಲೆಯೇ ಸದಸ್ಯರಾಗಿ.