ಆಂಟಿಬಯಾಟಿಕ್ ಮುಗಿದ ಮೇಲೆ ಹೊಟ್ಟೆ ಏಕೆ ಕೆಡುತ್ತದೆ?

ಪ್ರಶ್ನೆ: ಹಲ್ಲಿನ ಸೋಂಕಿಗಾಗಿ ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್ ಮಾತ್ರೆಗಳನ್ನು ಏಳು ದಿನ ನುಂಗಿದೆ. ಹಲ್ಲುನೋವು ಹೋಯಿತು, ಆದರೆ ಈಗ ದಿನಕ್ಕೆ ಮೂರು ನಾಲ್ಕು ಸಲ ಭೇದಿಯಾಗುತ್ತಿದೆ. ‘ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತಿವೆ, ಪ್ರೊಬಯಾಟಿಕ್ (ಜೀವಂತ ಸೂಕ್ಷ್ಮಜೀವಿಗಳಿರುವ ಮಾತ್ರೆ ಅಥವಾ ಪುಡಿ) ತೆಗೆದುಕೊಳ್ಳಿ’ ಎನ್ನುತ್ತಾರೆ ಪರಿಚಯದವರು. ನಮ್ಮ ಜೀವಕೋಶಗಳ ಹತ್ತು ಪಟ್ಟು ಬ್ಯಾಕ್ಟೀರಿಯಾಗಳು ದೇಹದಲ್ಲಿವೆಯಂತೆ. ಇದೆಲ್ಲ ನಿಜವೇ?

ಉತ್ತರ: ಹತ್ತು ಪಟ್ಟು ಎಂಬುದು ಹಳೆಯ ಅಂದಾಜು. 2016ರಲ್ಲಿ ಪ್ರಕಟವಾದ ಮರುಲೆಕ್ಕದ ಪ್ರಕಾರ ಎಪ್ಪತ್ತು ಕಿಲೋ ತೂಕದ ವ್ಯಕ್ತಿಯಲ್ಲಿ ಸುಮಾರು 30 ಲಕ್ಷ ಕೋಟಿ ಮಾನವ ಜೀವಕೋಶಗಳೂ 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳೂ ಇರುತ್ತವೆ. ಅಂದರೆ ಎರಡೂ ಹೆಚ್ಚುಕಡಿಮೆ ಸಮ. ಆ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು ಇನ್ನೂರು ಗ್ರಾಂ ಮಾತ್ರ, ಅದರಲ್ಲೂ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ.

ಉಪಯೋಗವೇನೋ ಖಂಡಿತ ಇದೆ. ನಾವು ಜೀರ್ಣಿಸಿಕೊಳ್ಳಲಾರದ ನಾರಿನಂಶವನ್ನು ಅವು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರವೇ ಅದು. ಎದೆಹಾಲಿನಲ್ಲಿರುವ ಕೆಲವು ಸಕ್ಕರೆಗಳನ್ನು ಮಗು ಅರಗಿಸಿಕೊಳ್ಳಲಾರದು, ಅವು ಮಗುವಿನ ಕರುಳಿನ ಬೈಫಿಡೋಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ತಾಯಿಯ ದೇಹ ಮಗುವಿನ ಜೊತೆಗೆ ಅದರೊಳಗಿನ ಸೂಕ್ಷ್ಮಜೀವಿಗಳಿಗೂ ಉಣಿಸುತ್ತದೆ ಎಂಬ ಈ ಸಂಗತಿ ನನ್ನಲ್ಲಿ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆದರೆ ಇವುಗಳನ್ನು ಒಳ್ಳೆಯವು, ಕೆಟ್ಟವು ಎಂದು ಎರಡು ಪಾಲು ಮಾಡುವುದು ಸರಿಯಲ್ಲ. ಕರುಳಿನಲ್ಲಿ ಸುಮ್ಮನಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಮೂತ್ರನಾಳವನ್ನು ಸೇರಿದರೆ ಉರಿಮೂತ್ರ ತರುತ್ತದೆ. ಯಾವುದು ಎಲ್ಲಿದೆ, ಅದರ ಅಕ್ಕಪಕ್ಕ ಯಾವುವು ಇವೆ ಎಂಬುದೇ ಮುಖ್ಯ.

ನಿಮ್ಮ ತೊಂದರೆಯ ಮೂಲವೂ ಇಲ್ಲಿಯೇ ಇದೆ. ಹಲ್ಲಿಗೆಂದು ನುಂಗಿದ ಔಷಧಿಗೆ ಹಲ್ಲಿನ ಬ್ಯಾಕ್ಟೀರಿಯಾ, ಕರುಳಿನ ಬ್ಯಾಕ್ಟೀರಿಯಾ ಎಂಬ ಭೇದ ತಿಳಿಯದು. ಹೆಚ್ಚಿನವರಲ್ಲಿ ಇದರಿಂದಾಗುವ ಭೇದಿ ಸೌಮ್ಯವಾಗಿದ್ದು, ಕೆಲವೇ ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ತಲೆಯೆತ್ತುತ್ತದೆ. ಪಿತ್ತಜನಕಾಂಗ ಸ್ರವಿಸುವ ಪಿತ್ತಾಮ್ಲಗಳು ಇದರ ಬೀಜಕಣಗಳು ಮೊಳೆಯಲು ನೆರವಾಗುತ್ತವೆ. ಆರೋಗ್ಯವಂತ ಕರುಳಿನ ಬ್ಯಾಕ್ಟೀರಿಯಾಗಳು ಆ ಆಮ್ಲಗಳನ್ನು ಮಾರ್ಪಡಿಸಿ, ಇದರ ಬೆಳವಣಿಗೆಯನ್ನು ತಡೆಯುವ ವಸ್ತುಗಳನ್ನಾಗಿಸುತ್ತವೆ. ಆ ಕೆಲಸ ಮಾಡುವವುಗಳೇ ಔಷಧಿಯಿಂದ ಅಳಿದಾಗ ಬೀಜಕಣಗಳು ಮೊಳೆತು, ಬೆಳೆದು, ಕರುಳಿನ ಗೋಡೆಯನ್ನು ಘಾಸಿಗೊಳಿಸುವ ವಿಷವನ್ನು ಉಗುಳತೊಡಗುತ್ತವೆ. ಪದೇ ಪದೇ ಮರುಕಳಿಸುವ ಈ ಕಾಯಿಲೆಗೆ ಆರೋಗ್ಯವಂತರ ಮಲವನ್ನು ದ್ರವದಲ್ಲಿ ಕಲಸಿ, ಸೋಸಿ ರೋಗಿಯ ಕರುಳಿಗೆ ಹಾಯಿಸುವ ಚಿಕಿತ್ಸೆಯಿದೆ. ಕೇಳಲು ಅಸಹ್ಯವೆನಿಸಬಹುದು, ಆದರೆ 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗವೊಂದರಲ್ಲಿ ಒಂದೇ ಬಾರಿಯ ಹಾಯಿಸುವಿಕೆಯಿಂದ 16 ಮಂದಿಯಲ್ಲಿ 13 ಮಂದಿ ಗುಣಮುಖರಾದರು, ವ್ಯಾಂಕೋಮೈಸಿನ್ ಔಷಧಿಯನ್ನಷ್ಟೇ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು.

ಬೊಜ್ಜು, ಮಧುಮೇಹ, ಖಿನ್ನತೆಗಳಿಗೂ ಕರುಳಿನ ಸೂಕ್ಷ್ಮಜೀವಿಗಳಿಗೂ ನಂಟಿರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ನಂಟು ಇದ್ದ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಕಾಯಿಲೆ, ಅದರ ಔಷಧಿ, ಬದಲಾದ ಊಟ ಇವೂ ಕರುಳಿನ ಜೀವಿಗಳನ್ನು ಬದಲಿಸುತ್ತವೆ.

ಇನ್ನು ಪ್ರೊಬಯಾಟಿಕ್. ಆಂಟಿಬಯಾಟಿಕ್ ಜೊತೆಯಲ್ಲೇ ಆರಂಭಿಸಿದರೆ ಕೆಲವು ತಳಿಗಳು ಭೇದಿಯ ಸಾಧ್ಯತೆಯನ್ನು ಕಡಿಮೆ ಮಾಡುತ್ತವೆ. ಆದರೆ ಔಷಧಿ ಮುಗಿದ ಮೇಲೆ ಅವನ್ನು ಸೇವಿಸಿದವರಲ್ಲಿ ಮೂಲ ಸೂಕ್ಷ್ಮಜೀವಿಗಳು ಮರಳುವುದು ತಡವಾಯಿತೆಂದು 2018ರ ಸಣ್ಣ ಇಸ್ರೇಲಿ ಅಧ್ಯಯನವೊಂದು ಕಂಡುಕೊಂಡಿತು. ಹೀಗಾಗಿ ನಿಮಗೀಗ ಅದು ಬೇಕೆಂದು ನಾನು ಹೇಳಲಾರೆ. ರೋಗನಿರೋಧಕ ಶಕ್ತಿ ತೀರಾ ಕುಂದಿದವರಂತೂ ವೈದ್ಯರನ್ನು ಕೇಳದೆ ಅವನ್ನು ಮುಟ್ಟಲೇಬಾರದು.

ನೀರು, ಉಪ್ಪು–ಸಕ್ಕರೆಯ ಓಆರ್‌ಎಸ್ ದ್ರಾವಣ ಧಾರಾಳವಾಗಿ ಕುಡಿಯಿರಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಜ್ವರ, ತೀವ್ರ ಹೊಟ್ಟೆನೋವು, ಮಲದಲ್ಲಿ ರಕ್ತ ಕಂಡರೆ ಅಥವಾ ಇನ್ನೆರಡು ದಿನಗಳಲ್ಲಿ ಭೇದಿ ಕಡಿಮೆಯಾಗದಿದ್ದರೆ ವೈದ್ಯರ ಬಳಿ ಹೋಗಿ. ಹೋಗುವಾಗ ಆ ಆಂಟಿಬಯಾಟಿಕ್‌ನ ಖಾಲಿ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ಮಲಪರೀಕ್ಷೆ ಬೇಕೇ ಎಂಬುದನ್ನು ಅವರು ತೀರ್ಮಾನಿಸುತ್ತಾರೆ.