ಯಾವ ಕೆಂಪು ನನಗೆ ಒಪ್ಪುತ್ತೆ? ಒಂದು ಆಪ್ತಸಲಹೆ ಪ್ರಕರಣ

ಅವರನ್ನು ವಸುಧಾ ಎಂದು ಕರೆಯೋಣ. ವಯಸ್ಸು 50ರ ಆಸುಪಾಸು. ತಾಲ್ಲೂಕು ಕೇಂದ್ರವೊಂದರಲ್ಲಿ ಹೈಸ್ಕೂಲ್ ಟೀಚರ್. ಗಂಡ ತೀರಿಕೊಂಡು 4 ವರ್ಷವಾಗಿದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನಿದ್ದೆ ಬರುತ್ತಿಲ್ಲ ಎಂದು ಬಂದವರು ಸ್ವಲ್ಪ ಹೊತ್ತಿಗೆ ಚೀಲದಿಂದ ಮೂರು ಹೇರ್ ಕಲರ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಬರ್ಗಂಡಿ (ವೈನ್ ಥರದ ಗಾಢ ಕೆಂಪು), ಚೆರ್ರಿ ರೆಡ್, ಕಾಪರ್ (ತಾಮ್ರದ ಬಣ್ಣ). ಒಂದನ್ನೂ ಒಡೆದಿರಲಿಲ್ಲ. ಮಗಳಿಗೆ ಚೆರ್ರಿ ರೆಡ್ ಇಷ್ಟ. ಅಕ್ಕ, "ಹಾಕ್ಲೇಬೇಕು ಅಂದ್ರೆ ಬರ್ಗಂಡಿ ಹಾಕು, ಕಪ್ಪು ಥರಾನೇ ಕಾಣುತ್ತೆ" ಅಂದಿದ್ದರು. ಅತ್ತಿಗೆ ಕೇಳಿದ್ದು ಒಂದೇ ಮಾತು: "ಈಗ ಯಾಕೆ ಕೆಂಪು?"

ಆ ಮಾತು ಎಲ್ಲಿ ತಾಗಿತು ಅಂತ ವಿವರಿಸಬೇಕಿಲ್ಲ. ಗಂಡ ಹೋದ ಮೇಲೆ ವಸುಧಾ ಕುಂಕುಮ ಬಿಟ್ಟಿದ್ದರು, ಕೆಂಪು ಸೀರೆಗಳನ್ನು ಬೀರುವಿನ ಮೇಲಿನ ಅರೆಗೆ ಸೇರಿಸಿದ್ದರು. ಬಿಡು ಅಂತ ಯಾರೂ ಹೇಳಿರಲಿಲ್ಲ. ಬಿಡಬೇಡ ಅಂತಲೂ ಯಾರೂ ಹೇಳಲಿಲ್ಲ.

ಇಂಥ ಹೊತ್ತಲ್ಲಿ ಬಣ್ಣದ ವಿಷಯ ಪಕ್ಕಕ್ಕಿಟ್ಟು ನೇರವಾಗಿ ದುಃಖಕ್ಕೆ ಕೈಹಾಕಬೇಕು ಅನ್ನಿಸುತ್ತದೆ. ನಾನು ಹಾಗೆ ಮಾಡಲಿಲ್ಲ. "ಹಾಕಿಕೊಳ್ಳಬಹುದಾ ಅಂತ ಕೇಳ್ತಿದ್ದೀರಾ, ಯಾವುದು ಅಂತ ಕೇಳ್ತಿದ್ದೀರಾ?" ಎಂದು ಕೇಳಿದೆ. "ಹಾಕಿಕೊಳ್ಳೋದು ತೀರ್ಮಾನ ಆಗಿದೆ ಮೇಡಂ. ಆದ್ರೆ ಶೇಡ್ ತಪ್ಪಾದ್ರೆ, ನಾವು ಹೇಳಿರಲಿಲ್ವಾ ಅಂತಾರೆ ಎಲ್ಲರೂ" ಅಂದರು. ಕೇಳಿದ್ದು ಶೇಡ್ ಬಗ್ಗೆ. ಹಾಗಾಗಿ ಶೇಡ್ ಬಗ್ಗೆಯೇ ಮಾತಾಡಿದೆವು.

ಡಬ್ಬಿ ಮೇಲಿನ ಫೋಟೋ ನಂಬಿದವರೇ ಜಾಸ್ತಿ ಮೋಸ ಹೋಗುವುದು. ನಮ್ಮ ಕಪ್ಪು ಕೂದಲ ಮೇಲೆ ಕೆಂಪು ಬಣ್ಣ ಅಷ್ಟಾಗಿ ಕಾಣುವುದಿಲ್ಲ, ಬಿಸಿಲಿಗೆ ನಿಂತಾಗ ಮಾತ್ರ ಹೊಳೆಯುತ್ತದೆ. ಅದೇ ಬಣ್ಣ ಬಿಳಿ ಕೂದಲಿಗೆ ತಾಗಿದರೆ ಎದ್ದು ಕಾಣುತ್ತದೆ. ವಸುಧಾ ಅವರದು ಸುಮಾರು ಅರ್ಧ ನರೆ. ಅಂದರೆ ಒಂದೇ ತಲೆಯಲ್ಲಿ ಎರಡು ಬಣ್ಣ ಬರುತ್ತದೆ. ಡಬ್ಬಿ ಮೇಲಿನ ಅಂಕೆಯನ್ನೂ ಓದಲು ಹೇಳಿಕೊಟ್ಟೆ. ಚುಕ್ಕೆಗೆ ಮುಂಚಿನದು ಬಣ್ಣ ಎಷ್ಟು ಗಾಢ ಅನ್ನುವುದು, 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ. ಚುಕ್ಕೆಯ ನಂತರದ್ದು ಛಾಯೆ. ಹಲವು ಕಂಪನಿಗಳಲ್ಲಿ 4 ಅಂದರೆ ತಾಮ್ರ, 6 ಅಂದರೆ ಕೆಂಪು. ಎಲ್ಲ ಕಂಪನಿಗೂ ಒಂದೇ ಲೆಕ್ಕ ಇಲ್ಲ.

ಮುಖಕ್ಕೆ ಒಪ್ಪುತ್ತದಾ ಅನ್ನುವುದಕ್ಕೆ ಒಂದು ಮನೆಕೆಲಸ ಕೊಟ್ಟೆ. ಬೆಳಿಗ್ಗೆ ಮುಖ ತೊಳೆದು, ಕ್ರೀಮು ಪೌಡರು ಏನೂ ಹಚ್ಚದೆ, ಟ್ಯೂಬ್‌ಲೈಟ್ ಆರಿಸಿ ಕಿಟಕಿ ಪಕ್ಕ ಕನ್ನಡಿ ಇಟ್ಟುಕೊಳ್ಳಿ. ಆ ಕೆಂಪು ಸೀರೆಗಳನ್ನು ಇಳಿಸಿ, ಒಂದೊಂದಾಗಿ ಗಲ್ಲದ ಕೆಳಗೆ ಹಿಡಿಯಿರಿ. ಸೀರೆ ನೋಡಬೇಡಿ. ಕಣ್ಣ ಕೆಳಗೆ, ತುಟಿಯ ಸುತ್ತ ನೋಡಿ. ಅಲ್ಲಿನ ಕಪ್ಪು ಯಾವ ಕೆಂಪಿಗೆ ಜಾಸ್ತಿಯಾಗುತ್ತೆ, ಯಾವುದಕ್ಕೆ ತಗ್ಗುತ್ತೆ? ಮುಂಗೈ ನರ ಹಸಿರಾ ನೀಲಿಯಾ ಅಂತ ನೋಡುವ ಉಪಾಯ ಹಲವರು ಹೇಳುತ್ತಾರೆ. ನಮ್ಮ ಮೈಬಣ್ಣದವರಿಗೆ ಅದರಿಂದ ಸುಮ್ನೆ ಗೊಂದಲ. ಇನ್ನೊಂದು ಮಾತನ್ನೂ ಸೇರಿಸಿದೆ: ಫೋಟೋ ತೆಗೆದು ಯಾರಿಗೂ ಕಳಿಸಬೇಡಿ. ಆ ಸೀರೆಗಳನ್ನು ಮತ್ತೆ ಮುಟ್ಟುವುದು ಸುಲಭವಲ್ಲ, ಅಳು ಬಂದರೆ ಅವತ್ತಿಗೆ ಅಷ್ಟೇ ಸಾಕು.

ಅತ್ತರು. ಮಾರನೇ ದಿನ ಮತ್ತೆ ಹಿಡಿದು ನೋಡಿದರು. ವೈನ್ ಬಣ್ಣದ ರೇಷ್ಮೆ ಸೀರೆಗೆ ಮುಖ ಬಾಡಿತ್ತು. ಇಟ್ಟಿಗೆ ಬಣ್ಣದ ಕಾಟನ್‌ಗೆ ಮುಖ ತಿಳಿಯಾಯಿತು. ಅಂದರೆ ತಾಮ್ರದ ಕಡೆಯ ಕೆಂಪು. ಮಗಳದ್ದೂ ಅಲ್ಲ, ಅಕ್ಕನದ್ದೂ ಅಲ್ಲ. ಇದನ್ನು ಹೇಳುವಾಗ ಅವರ ದನಿಯಲ್ಲಿದ್ದ ಖುಷಿ ನನಗೆ ಬಹಳ ಮುಖ್ಯ ಅನ್ನಿಸಿತು.

ಅದೇ ಮಾತಿನ ನಡುವೆ, ಹಿಂದೊಮ್ಮೆ ಪ್ಯಾಕೆಟ್‌ನ "ಕಪ್ಪು ಮೆಹಂದಿ" ಹಚ್ಚಿದಾಗ ಹಣೆ, ಕಣ್ಣ ರೆಪ್ಪೆ ಊದಿದ್ದವು ಎಂದು ಹಾಗೇ ಹೇಳಿಬಿಟ್ಟರು. ತಕ್ಷಣ ನಿಲ್ಲಿಸಿದೆ. ಅಂಥ ಹಲವು ಪುಡಿಗಳಲ್ಲೂ ಬಹುಪಾಲು ಶಾಶ್ವತ ಡೈಗಳಲ್ಲೂ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. "ಅಮೋನಿಯಾ ಇಲ್ಲ" ಎಂದು ಬರೆದಿದ್ದರೂ ಇದು ಇರಬಹುದು. ಇದಕ್ಕೆ ಒಮ್ಮೆ ಅಲರ್ಜಿ ಆದವರಿಗೆ ಮುಂದಿನ ಸಲ ಇನ್ನೂ ಜೋರಾಗಬಹುದು. ಇಂಥವರು ಮನೆಯಲ್ಲೇ ಡೈ ಚೂರು ಹಚ್ಚಿ ನೋಡುವುದೂ ಬೇಡ. ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಅವರು ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು, ಆಮೇಲೂ ಒಮ್ಮೆ ನೋಡಿದರು. ಪಿಪಿಡಿ ಅಲರ್ಜಿ ಖಚಿತವಾಯಿತು. ಮೂರೂ ಡಬ್ಬಿಗಳಲ್ಲಿ ಅದು ಇತ್ತು. ಮೂರೂ ಬೇಡ ಅಂದರು.

ವಸುಧಾ ಕುಗ್ಗಿಹೋದರು. ನನಗೆ ಹಾಗನ್ನಿಸಲಿಲ್ಲ. ಬಿಳಿ ಕೂದಲಿಗೆ ಶುದ್ಧ ಮೆಹಂದಿ ಕೊಡುವುದೇ ತಾಮ್ರದ ಕೆಂಪು! ಎಲೆಯಲ್ಲಿರುವ ಲಾಸೋನ್ ಅನ್ನುವ ಅಂಶ ಕೂದಲಿಗೆ ಅಂಟಿಕೊಂಡು ಆ ಬಣ್ಣ ಬರುತ್ತದೆ. ಡಾಕ್ಟರೂ ಒಪ್ಪಿದರು. ಪ್ಯಾಕೆಟ್‌ನಲ್ಲಿ ಲಾಸೋನಿಯಾ ಇನರ್ಮಿಸ್ ಎಂಬ ಒಂದೇ ಹೆಸರು ಇರಬೇಕು, ಬೇರೇನಾದರೂ ಸೇರಿದ್ದರೆ ವಾಪಸ್ ಇಡಿ ಎಂದೆ. ಶುದ್ಧವಾದದ್ದನ್ನೂ ಮೊದಲು ಮೊಣಕೈ ಒಳಗೆ ಹಚ್ಚಿ ನೋಡಬೇಕು. ಆಮೇಲೆ ಬಾಚಣಿಗೆಗೆ ಬಂದ ಬಿಳಿ ಕೂದಲ ಎಳೆಗಳಿಗೆ ಹಚ್ಚಿ ನೋಡಬೇಕು. ಮೊದಲ ದಿನ ಕಿತ್ತಳೆ ಥರ ಕಾಣುತ್ತದೆ. ಗಾಬರಿ ಬೇಡ, ಎರಡು ಮೂರು ದಿನದಲ್ಲಿ ಗಾಢವಾಗುತ್ತದೆ. ಮತ್ತೆ ಮತ್ತೆ ಹಚ್ಚಿದಷ್ಟೂ ಕೆಂಪು ದಟ್ಟವಾಗುವುದರಿಂದ, ಸಾಕು ಅನ್ನಿಸಿದ ಮೇಲೆ ಬುಡಕ್ಕಷ್ಟೇ ಹಚ್ಚಬೇಕು. ದಸರಾ ರಜೆಯ ಮೊದಲ ದಿನ ಹಚ್ಚಿ ಎಂದೆ. ಶಾಲೆ ಶುರುವಾಗುವಷ್ಟರಲ್ಲಿ ಕನ್ನಡಿಯಲ್ಲಿ ಕಾಣುವ ಮುಖ ಅವರಿಗೇ ರೂಢಿಯಾಗಿರುತ್ತದೆ.

ಬಣ್ಣ ಚೆನ್ನಾಗಿ ಬಂತು. ಆದರೆ ಅತ್ತಿಗೆ ಕೇಳಿದರೆ "ಡೈ ಅಲರ್ಜಿ, ಅದಕ್ಕೇ ಮೆಹಂದಿ" ಎನ್ನುವ ಉತ್ತರ ಸಿದ್ಧವಾಗಿತ್ತು. ಅದು ಸುಳ್ಳಲ್ಲ. ಆದರೂ, "ನನಗೆ ಈ ಬಣ್ಣ ಇಷ್ಟ" ಎಂಬುದನ್ನು ಮೊದಲು ಹೇಳಲು ಆಗುತ್ತದಾ ಎಂದು ಕೇಳಿದೆ. ನನ್ನೆದುರು ಹಲವು ಸಲ ಹೇಳಿ ನೋಡಿದರು. ಮಗಳಿಗೆ ಫೋನಿನಲ್ಲಿ ಹೇಳಿಯೂ ಆಯಿತು. ಅತ್ತಿಗೆಗೆ ಇನ್ನೂ ಹೇಳಿಲ್ಲ, ಅವಸರವೂ ಇಲ್ಲ.

ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಗಂಡನ ಕಾಯಿಲೆಯ ಕೊನೆಯ ತಿಂಗಳುಗಳ ಬಗ್ಗೆ ಈಗಷ್ಟೇ ಮಾತಾಡಲು ಶುರುಮಾಡಿದ್ದಾರೆ.