ರಾತ್ರಿಯೆಲ್ಲ ಒಬ್ಬಳೇ ಕಾಯುವ ತಾಯಿಗೆ

ಪ್ರಶ್ನೆ: ನನ್ನ ಮಗನಿಗೆ ಹತ್ತು ತಿಂಗಳು. ಅವನ ಮೂರನೇ ತಿಂಗಳಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯಕ್ಕೆ ‘ಟೆಟ್ರಾಲಜಿ ಆಫ್ ಫ್ಯಾಲೋ’ ಎಂಬ ತೊಂದರೆ ಇದೆಯೆಂದು ತಿಳಿಯಿತು. ಇನ್ನೆರಡು ತಿಂಗಳಿಗೆ ಆಪರೇಷನ್. ಅತ್ತರೆ ತುಟಿ, ಉಗುರು ನೀಲಿಯಾಗುತ್ತವೆ. ರಾತ್ರಿಯಿಡೀ ಅವನ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಾ ಕೂರುತ್ತೇನೆ. ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಹೋದದ್ದೇ ಕಾರಣವೆಂದು ಅತ್ತೆ ಹೇಳುತ್ತಾರೆ. ಯಜಮಾನರು ಏನೂ ಮಾತಾಡುವುದಿಲ್ಲ. ಕೆಲವೊಮ್ಮೆ ಮಗುವಿನ ಮೇಲೇ ಸಿಟ್ಟು ಬಂದು, ಮರುಗಳಿಗೆಯಲ್ಲಿ ಅಳು ಬರುತ್ತದೆ. ನಾನು ಕೆಟ್ಟ ತಾಯಿಯೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಖಂಡಿತ ಅಲ್ಲ. ತಿಂಗಳುಗಟ್ಟಲೆ ನಿದ್ದೆಯಿಲ್ಲದ ಯಾರಿಗೇ ಆದರೂ ಸಿಟ್ಟು ಬರುತ್ತದೆ. ಅದಕ್ಕೂ ಮಗುವಿನ ಮೇಲಿನ ಪ್ರೀತಿಗೂ ಸಂಬಂಧವಿಲ್ಲ.

ಮೊದಲು ಗ್ರಹಣದ ಮಾತು. ಮಗುವಿನ ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ, ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ಖಚಿತವಾಗುವ ಹೊತ್ತಿಗೆ ಆ ಕೆಲಸ ಅರ್ಧ ಮುಗಿದಿರುತ್ತದೆ. ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳಿಗೆ ಹೃದಯದ ಯಾವುದಾದರೊಂದು ಜನ್ಮಜಾತ ದೋಷವಿರುತ್ತದೆ. ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣವೆಂದು ವೈದ್ಯರಿಗೂ ಬೆರಳಿಟ್ಟು ತೋರಿಸಲಾಗದು. ಗ್ರಹಣವಂತೂ ಕಾರಣವಲ್ಲ. ಇದನ್ನು ನೀವೇ ಅತ್ತೆಯವರಿಗೆ ಹೇಳಿದರೆ ಜಗಳವಾದೀತು. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಿಸಿ. ಮೊಮ್ಮಗನಿಗೆ ಹೀಗಾಯಿತಲ್ಲ ಎಂಬ ಅವರ ಸಂಕಟವೇ ಆರೋಪವಾಗಿ ಹೊರಬರುತ್ತಿರಬಹುದು; ಹಾಗೆಂದು ಆ ಮಾತು ನಿಮಗೆ ಮಾಡಿದ ಗಾಯ ಸಣ್ಣದಲ್ಲ.

ಈಗ ರಾತ್ರಿಯ ಕಾವಲು. ಈ ಕಾಯಿಲೆಯಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತದ ದಾರಿ ಕಿರಿದಾಗಿರುತ್ತದೆ, ಹೃದಯದ ಕೋಣೆಗಳ ನಡುವೆ ರಂಧ್ರವಿರುತ್ತದೆ. ಹಾಗಾಗಿ ಆಮ್ಲಜನಕ ಕಡಿಮೆಯಿರುವ ರಕ್ತ ಶ್ವಾಸಕೋಶಕ್ಕೆ ಹೋಗದೆ ಆ ರಂಧ್ರದ ಮೂಲಕ ದೇಹಕ್ಕೇ ಹರಿದು, ಮೈ ನೀಲಿಗಟ್ಟುತ್ತದೆ. ನೀಲಿಗಟ್ಟುವುದು ಹೆಚ್ಚಾಗಿ ಬೆಳಿಗ್ಗೆ ಎದ್ದ ಮೇಲೆ, ಜೋರಾಗಿ ಅತ್ತಾಗ, ಹಾಲು ಕುಡಿಯುವಾಗ ಅಥವಾ ಮಲವಿಸರ್ಜನೆಗೆ ತಿಣುಕಿದಾಗ. ಆಗ ಮಗುವಿನ ಎರಡೂ ಮೊಣಕಾಲುಗಳನ್ನು ಮಡಚಿ ಎದೆಗೆ ಒತ್ತಿ ಹಿಡಿದು, ಮೆಲುದನಿಯಲ್ಲಿ ಸಮಾಧಾನ ಮಾಡಬೇಕು. ಕಾಲು ಮಡಚಿದಾಗ ದೇಹದ ಕಡೆಗಿನ ರಕ್ತನಾಳಗಳ ಒತ್ತಡ ಹೆಚ್ಚಿ, ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಯುತ್ತದೆ. ಮೊದಲ ಸಲ ಹೀಗಾದರೂ, ನೀಲಿ ಬೇಗ ಇಳಿಯದಿದ್ದರೂ, ಮಗು ಸಪ್ಪಗಾದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದೆಲ್ಲ ಮನೆಯಲ್ಲಿ ಬಹುಶಃ ನಿಮ್ಮೊಬ್ಬರಿಗೇ ಗೊತ್ತಿದೆ. ಬೇರೆ ಯಾರಿಗೂ ಗೊತ್ತಿಲ್ಲವಾದ್ದರಿಂದಲೇ ನೀವೊಬ್ಬರೇ ಕಾಯುತ್ತಿದ್ದೀರಿ ಎಂದು ನನಗನಿಸುತ್ತದೆ. ಮಗು ನಗುತ್ತಾ ಆಡುತ್ತಿರುವ ಒಂದು ಸಂಜೆ ಯಜಮಾನರ ತೊಡೆಯ ಮೇಲೆ ಅವನನ್ನು ಕೂರಿಸಿ, ಕಾಲು ಮಡಚಿ ಹಿಡಿಯುವುದನ್ನು ಅವರ ಕೈಯಿಂದ ಮಾಡಿಸಿ, ಅತ್ತೆಯವರಿಂದಲೂ ಮಾಡಿಸಿ. ಆಸ್ಪತ್ರೆಯ ಫೋನ್ ಸಂಖ್ಯೆಯನ್ನು ಗೋಡೆಗೆ ಅಂಟಿಸಿ. ಆ ಮೇಲೆ ರಾತ್ರಿ ಎರಡರವರೆಗೆ ಅವರು, ನಂತರ ನೀವು ಎಂದು ಹಂಚಿಕೊಳ್ಳಿ. ನಿಮ್ಮ ಪಾಳಿ ಅಲ್ಲದಾಗ ಬೇರೆ ಕೋಣೆಯಲ್ಲಿ ಮಲಗಿ. ಮೊದಲ ಕೆಲವು ರಾತ್ರಿ ನಿದ್ದೆ ಬಾರದು, ಬರಲಿಕ್ಕೆ ಬಿಡಿ.

ಯಜಮಾನರ ಮೌನದ ಹಿಂದೆ ಹಣದ ಚಿಂತೆಯೂ ಇದ್ದೀತು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳ ಚಿಕಿತ್ಸೆಗೆ ನೆರವಿದೆ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸುವ ಕೆಲಸವನ್ನು ಅವರಿಗೇ ಒಪ್ಪಿಸಿ.

ಎರಡು ವಾರಗಳಾದರೂ ನಿಮ್ಮ ಅಳು ನಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ನಿಮಗೋ ಮಗುವಿಗೋ ಏನಾದರೂ ಮಾಡಿಕೊಂಡೇನು ಎಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ.

ಆಪರೇಷನ್ ಆಗಿ ತುಟಿ ಕೆಂಪಾದ ಮೇಲೂ ಕೆಲವು ತಿಂಗಳು ನಿಮ್ಮ ಕೈ ತಾನಾಗಿ ಅವನ ಎದೆಯನ್ನು ಹುಡುಕಬಹುದು. ಮುಂದಿನ ಸಲ ವೈದ್ಯರ ಮುಂದೆ ಮೂವರೂ ಕುಳಿತಾಗ, ಔಷಧಿಯ ಬಗ್ಗೆ ಕೇಳಿದ ಮೇಲೆ ಇದನ್ನೂ ಕೇಳಿ: ‘ಡಾಕ್ಟರೇ, ರಾತ್ರಿ ನಾನು ಮಲಗಬಹುದೇ?’